ನಾಲ್ಕು ಮಡಿಕೆಯ ಫ್ರಾನ್ಸ್: ಕೊಲ್ಯೂಶ್ ಎಂಬ ನಗೆಗಾರ

1980ರ ಅಕ್ಟೋಬರ್ 30. ಪ್ಯಾರಿಸ್ಸಿನ ಜಿಮ್ನಾಸ್ ರಂಗಮಂದಿರಕ್ಕೆ ದಪ್ಪ ಮೈಯ ನಗೆಗಾರನೊಬ್ಬ ಪತ್ರಕರ್ತರನ್ನು ಕರೆಸಿ, ಮುಂದಿನ ವರ್ಷದ ಅಧ್ಯಕ್ಷ ಚುನಾವಣೆಗೆ ತಾನೂ ಅಭ್ಯರ್ಥಿ ಎಂದು ಸಾರಿದ. ಅವನ ಘೋಷಣೆ ಹೀಗಿತ್ತು: ‘ಇಲ್ಲಿಯವರೆಗೆ ಫ್ರಾನ್ಸ್ ಎರಡು ಹೋಳಾಗಿತ್ತು. ನಾನು ಬಂದರೆ ನಾಲ್ಕು ಮಡಿಕೆಯಾಗುತ್ತದೆ.’

ಕನ್ನಡದಲ್ಲಿ ಇದಕ್ಕೆ ಯಾರೂ ನಗುವುದಿಲ್ಲ. ಬಿಡಿಸಿ ಹೇಳಿದರೆ ನಗೆ ಸಾಯುತ್ತದೆ, ಆದರೂ ಬಿಡಿಸಲೇಬೇಕು. ನಾವು ಹೊಟ್ಟೆ ಹಿಡಿದುಕೊಂಡು ನಗುವಲ್ಲಿ ಫ್ರೆಂಚರು ‘ನಾಲ್ಕಾಗಿ ಮಡಚಿಕೊಳ್ಳುತ್ತಾರೆ’. ಎರಡು ಹೋಳು ಎಂದರೆ ಎಡ ಮತ್ತು ಬಲ. 1974ರ ಚುನಾವಣೆಯಲ್ಲಿ ವಲೇರಿ ಜಿಸ್ಕಾರ್ ದೆಸ್ತಾಂ ಅವರು ಸಮಾಜವಾದಿ ಫ್ರಾಂಸ್ವಾ ಮಿತ್ತರಾಂ ಅವರನ್ನು ಮಣಿಸಿದ್ದು ಶೇ 50.8ಕ್ಕೆ ಶೇ 49.2ರ ಕೂದಲೆಳೆಯಲ್ಲಿ. ಕತ್ತರಿ ಹಿಡಿದು ದೇಶವನ್ನು ಕತ್ತರಿಸಿದ್ದರೂ ಅಷ್ಟು ಸಮವಾಗಿ ಬರುತ್ತಿರಲಿಲ್ಲ.

ಡಿಸೆಂಬರ್‌ನಲ್ಲಿ ಪ್ರಕಟವಾದ ಒಂದು ಜನಮತ ಸಮೀಕ್ಷೆ ಈ ನಗೆಗಾರನಿಗೆ ಶೇ 16 ಮತ ಕೊಟ್ಟಿತು. ಅಲ್ಲಿಗೆ ನಗು ನಿಂತಿತು. ಮೊದಲು ನಿಂತದ್ದು ರಾಜಕಾರಣಿಗಳದ್ದು, ಆಮೇಲೆ ಅವನದ್ದೂ.

ಅವನ ಹೆಸರು ಕೊಲ್ಯೂಶ್. ನಲವತ್ತೊಂದಕ್ಕೇ ಸತ್ತ. (ಕಲಾವಿದರಿಗೆ ಬಹುವಚನ ಹಚ್ಚುವುದು ನಮ್ಮ ರೂಢಿ. ಇವನಿಗೆ ಹಚ್ಚಿದರೆ ಬೆನ್ನ ಹಿಂದೆ ಇನ್ಯಾರೋ ನಿಂತಿದ್ದಾರೆಂದು ತಿರುಗಿ ನೋಡುತ್ತಿದ್ದನೇನೋ ಎನ್ನಿಸುತ್ತದೆ, ಏಕವಚನದಲ್ಲೇ ಬರೆಯುತ್ತೇನೆ.) ಹೊರಗಿನವರಿಗೆ ಅವನ ವೃತ್ತಿಜೀವನ ಬರೀ ಕಲಸುಮೇಲೋಗರ. ರಂಗದ ಮೇಲೆ ಒಂಟಿ ಹಾಸ್ಯ, ರೇಡಿಯೊ, ಸಿನಿಮಾ, ಚುನಾವಣೆ, ಮೋಟರ್‌ಸೈಕಲ್ಲಿನ ವಿಶ್ವದಾಖಲೆ, ಕೊನೆಗೆ ಹಸಿದವರಿಗೆ ಊಟ. ಇವೆಲ್ಲ ಒಬ್ಬನವೇ ಹೇಗಾದವು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ನಮಗೆ ಗೊತ್ತು. ಕೊಲ್ಯೂಶ್ ಜೀವನವಿಡೀ ಮಾಡಿದ್ದು ಅದನ್ನೇ. ಸಂತೆಯ ನಡುವೆ ನಿಂತು ‘ಕುಂಬಳಕಾಯಿ ಕಳ್ಳ’ ಎಂದು ಕೂಗುವುದು, ಯಾರ ಕೈ ಹೆಗಲಿಗೆ ಹೋಯಿತೆಂದು ನೋಡುವುದು. ಅವನ ತಮಾಷೆ ಅರ್ಧ ಅವನದು. ಉಳಿದರ್ಧವನ್ನು ಹೆಗಲು ಮುಟ್ಟಿಕೊಂಡವರೇ ಪೂರ್ತಿ ಮಾಡಿಕೊಡುತ್ತಿದ್ದರು.

ಹುಟ್ಟು ಹೆಸರು ಮಿಶೆಲ್ ಕೊಲುಚಿ. 1944ರ ಅಕ್ಟೋಬರ್ 28ರಂದು ಪ್ಯಾರಿಸ್ಸಿನಲ್ಲಿ ಜನನ. ತಂದೆ ಇಟಲಿಯಿಂದ ವಲಸೆ ಬಂದು ಮನೆಗಳಿಗೆ ಬಣ್ಣ ಬಳಿಯುತ್ತಿದ್ದವರು. 1947ರಲ್ಲಿ ಪೋಲಿಯೊಗೆ ಬಲಿಯಾದರು. ತಾಯಿ ಹೂವಿನಂಗಡಿಯಲ್ಲಿ ದುಡಿದು ಮಗಳನ್ನೂ ಮಗನನ್ನೂ ಸಾಕಿದರು. ಬೆಳೆದದ್ದು ಮೋಂರೂಜ್‌ನಲ್ಲಿ, ಪ್ಯಾರಿಸ್ಸಿನ ದಕ್ಷಿಣದ ಅಂಚಿಗೆ ಅಂಟಿಕೊಂಡಿರುವ ಉಪನಗರದಲ್ಲಿ. ಶಾಲೆ ಬೇಗನೆ ಬಿಟ್ಟುಹೋಯಿತು. ತಂತಿ ಹಂಚಿದ, ಹೋಟೆಲಿನಲ್ಲಿ ಮಾಣಿಯಾದ, ಕೈಗೆ ಸಿಕ್ಕ ಇನ್ನೆಷ್ಟೋ ಕೆಲಸ ಮಾಡಿದ. ಕಡ್ಡಾಯ ಸೈನಿಕ ಸೇವೆಗೆ ಹೋದಾಗ ಮೇಲಿನವರ ಮಾತು ಕೇಳದೆ ಸೆರೆಮನೆ ಕಂಡ. ಗಿಟಾರ್ ಹಿಡಿದು ಕಾಫಿ ಅಂಗಡಿಗಳ ಮುಂದೆ ಹಾಡಿ ಚಿಲ್ಲರೆ ಕೂಡಿಸಿದ. ಇಷ್ಟರಲ್ಲಿ ಗಮನಿಸಬೇಕಾದದ್ದು ಒಂದೇ: ಅವನು ಕಲಿತ ಫ್ರೆಂಚ್ ಪಠ್ಯಪುಸ್ತಕದ್ದಲ್ಲ, ಉಪನಗರದ ಬೀದಿಯದು. ಮುಂದೆ ಅವನ ಬಂಡವಾಳವೆಲ್ಲ ಅದೇ ಆಯಿತು.

ಆ ಭಾಷೆಗೆ ರಂಗದ ಮೇಲೆ ಜಾಗ ಸಿಕ್ಕಿದ್ದು ಹೇಗೆಂದು ತಿಳಿಯಲು ‘ಕಫೆ-ತೆಯಾತ್ರ್’ ಎಂಬುದು ಗೊತ್ತಿರಬೇಕು. ಅರವತ್ತರ ದಶಕದ ಪ್ಯಾರಿಸ್ಸಿನಲ್ಲಿ ಒಂದು ಕಡೆ ಸರ್ಕಾರದ ಹಣದಲ್ಲಿ ಹಳೆಯ ಮಹಾನಾಟಕಗಳನ್ನು ಆಡುವ ಸಂಸ್ಥೆಗಳಿದ್ದವು. ಇನ್ನೊಂದು ಕಡೆ ದುಬಾರಿ ಟಿಕೆಟ್ಟಿನ, ಸೋಫಾ ಮತ್ತು ಕಳ್ಳಸಂಬಂಧಗಳ ಹಾಸ್ಯನಾಟಕಗಳು. ಓದಿಲ್ಲದ, ನಟನಾಶಾಲೆಯ ಮುಖ ಕಾಣದ ಹುಡುಗರಿಗೆ ಎರಡರಲ್ಲೂ ಪ್ರವೇಶವಿರಲಿಲ್ಲ. 1968ರ ಮೇ ತಿಂಗಳ ವಿದ್ಯಾರ್ಥಿ-ಕಾರ್ಮಿಕರ ದಂಗೆಯ ಬಿಸಿ ಆರುವ ಮೊದಲೇ ಇಂಥವರು ಹಳೆಯ ಉಗ್ರಾಣ, ಕಾರ್ಖಾನೆಗಳನ್ನು ಹಿಡಿದು ತಾವೇ ಬೆಂಚು ಹೊಡೆದು, ತಾವೇ ಗುಡಿಸಿ, ತಾವೇ ಟಿಕೆಟ್ ಹರಿದು, ತಾವೇ ಬರೆದದ್ದನ್ನು ಆಡತೊಡಗಿದರು. 1969ರಲ್ಲಿ ಮೋಂಪರ್ನಾಸ್ ರೈಲು ನಿಲ್ದಾಣದ ಬಳಿ ಶುರುವಾದ ‘ಕಫೆ ದ ಲಾ ಗಾರ್’ ಇವುಗಳಲ್ಲಿ ಹೆಸರಾದದ್ದು. ರೊಮ್ಯಾಂ ಬುತೇಯ್ ಅದರ ಹಿರಿಯಣ್ಣ, ಕೊಲ್ಯೂಶ್ ಸ್ಥಾಪಕರಲ್ಲೊಬ್ಬ. ಅಲ್ಲಿ ಟಿಕೆಟ್ಟಿನ ಬೆಲೆ ಅದೃಷ್ಟದಾಟ; ಪ್ರೇಕ್ಷಕನಿಗೆ ಯಾವ ದರ ಬಂತೋ ಅದನ್ನು ಕೊಟ್ಟು ಒಳಗೆ ಹೋಗಬೇಕು. ಪಾತ್ರಿಕ್ ದವೇರ್, ಮ್ಯೂಮ್ಯೂ ಮುಂತಾಗಿ ಫ್ರೆಂಚ್ ಸಿನಿಮಾದ ಮುಂದಿನ ತಾರೆಗಳು ಅಲ್ಲಿ ನೆಲ ಒರೆಸಿದವರೇ. ಬೆಕ್ಕಿನ ಮರಿಯಂಥ ದನಿಯ ಆ ನಟಿಗೆ ‘ಮ್ಯೂಮ್ಯೂ’ ಎಂಬ ಹೆಸರಿಟ್ಟವನು ಕೊಲ್ಯೂಶ್.

ಕುಡಿತ, ಮುಂಗೋಪ ಎರಡೂ ಇದ್ದವನಿಗೆ ತಂಡ ಒಗ್ಗಲಿಲ್ಲ. ಬಿಟ್ಟು ಇನ್ನೊಂದು ತಂಡ ಕಟ್ಟಿದ, ಅದೂ ನಿಲ್ಲಲಿಲ್ಲ. 1974ರ ಹೊತ್ತಿಗೆ ರಂಗದ ಮೇಲೆ ಒಬ್ಬನೇ ನಿಂತಿದ್ದ. ನೀಲಿ ಬಿಳಿ ಪಟ್ಟೆಯ ದೊಗಳೆ ಡಂಗರಿ, ಹಳದಿ ಅಂಗಿ, ಹಳದಿ ಬೂಟು, ಮೂಗಿನ ಮೇಲೆ ಪುಟ್ಟ ದುಂಡು ಕನ್ನಡಕ. ಅರ್ಧ ಕೂಲಿಕಾರ, ಅರ್ಧ ಸರ್ಕಸ್ ಕೋಡಂಗಿ, ಎತ್ತರ ಮೀರಿ ಬೆಳೆದ ಮಗು.

ಅವನನ್ನು ಮನೆಮಾತಾಗಿಸಿದ ಪ್ರಸಂಗ ‘ಒಬ್ಬ ಮೆಕ್‌ನ ಕಥೆ’. ‘ಮೆಕ್’ ಎಂದರೆ ಆಡುಮಾತಿನಲ್ಲಿ ಆಸಾಮಿ, ಯಾರೋ ಒಬ್ಬ. ಕೊಲ್ಯೂಶ್ ಆ ಆಸಾಮಿಯ ಕಥೆ ಶುರು ಮಾಡುತ್ತಾನೆ. ಶುರು ಮಾಡುತ್ತಲೇ ಇರುತ್ತಾನೆ. ಪೀಠಿಕೆ ಕಥೆಗಿಂತ ಉದ್ದ. ನಗೆಹನಿಗಳಲ್ಲಿ ಯೆಹೂದಿಯೋ ಬೆಲ್ಜಿಯಂನವನೋ ಬರುವುದುಂಟು, ಆದರೆ ಇವನು ಹಾಗಲ್ಲ, ಮಾಮೂಲಿ ಮನುಷ್ಯ ಎಂದು ವಿವರಿಸುತ್ತಾನೆ. ಮಾಮೂಲಿ ಎಂದರೆ? ಬಿಳಿಯ, ಅಷ್ಟೆ. ಸಭೆ ಗೊಳ್ಳೆನ್ನುತ್ತದೆ. ನಕ್ಕವರಲ್ಲಿ ಬಹುಪಾಲು ಬಿಳಿಯರು, ತಾವು ಮಾಮೂಲಿ ಎಂದು ಅಂದಿನವರೆಗೆ ಯೋಚಿಸದೆಯೇ ನಂಬಿದ್ದವರು. ಕೈ ಹೆಗಲಿಗೆ ಹೋದದ್ದು ಗೊತ್ತಾಗುವಷ್ಟರಲ್ಲಿ ಅವನು ಮುಂದಿನ ಮಾತಿಗೆ ಜಾರಿರುತ್ತಾನೆ.

ಇನ್ನೊಂದು ಪ್ರಸಂಗ ಬಟ್ಟೆ ಸೋಪಿನ ಪುಡಿಯ ಜಾಹೀರಾತಿನದು. ಇದಕ್ಕೆ ಅನುವಾದವೂ ಬೇಡ. ಬಿಳುಪಿಗಿಂತ ಬಿಳುಪು ಎನ್ನುತ್ತಾರಲ್ಲ, ಬಿಳುಪು ನನಗೆ ಗೊತ್ತು, ಬಿಳುಪಿಗಿಂತ ಕಡಿಮೆಯೂ ಗೊತ್ತು, ಅದು ಬೂದು, ಕೊಳೆ. ಬಿಳುಪಿಗಿಂತ ಬಿಳುಪು ಯಾವ ಬಣ್ಣ? ಬಟ್ಟೆಗೆ ಗಂಟು ಹಾಕಿದರೂ ಒಳಗಿನ ಕಲೆ ಹೋಗುತ್ತದಂತೆ. ಗಂಟು ಹಾಕಿ ಬಟ್ಟೆ ಒಗೆಯುವವರು ಯಾರು? ಅವನು ಬುದ್ಧಿವಂತನಂತೆ ಜಾಹೀರಾತನ್ನು ಖಂಡಿಸುವುದಿಲ್ಲ. ದಡ್ಡನಂತೆ ಅದನ್ನು ಅಕ್ಷರಶಃ ನಂಬಿ, ಅರ್ಥ ಮಾಡಿಕೊಳ್ಳಲು ಒದ್ದಾಡುತ್ತಾನೆ. ದೊಡ್ಡವರ ಮಾತನ್ನು ಹಾಗೆಯೇ ನಂಬುವ ದಡ್ಡನಷ್ಟು ದೊಡ್ಡವರಿಗೆ ಅಪಾಯಕಾರಿ ಬೇರೊಬ್ಬನಿಲ್ಲ.

ಈ ವರಸೆಗೆ ಒಂದು ದೌರ್ಬಲ್ಯವೂ ಇತ್ತು, ಅದನ್ನು ಅವನ ಅಭಿಮಾನಿಗಳು ಸುಲಭವಾಗಿ ಒಪ್ಪುವುದಿಲ್ಲ. ಜನಾಂಗದ್ವೇಷಿಯ ಬಾಯಲ್ಲಿ ಮಾತಾಡಿ ಅವನನ್ನೇ ನಗೆಪಾಟಲು ಮಾಡುವಾಗ, ಸಭಿಕರಲ್ಲಿ ಕೆಲವರು ಆ ದ್ವೇಷಿಯನ್ನು ನೋಡಿ ನಗುವ ಬದಲು ಅವನ ಜೊತೆ ಸೇರಿ ನಗುತ್ತಾರೆ. ಅರಬರ, ಸಲಿಂಗಿಗಳ ಕುರಿತ ಅವನ ಕೆಲವು ಸಾಲುಗಳನ್ನು ಇಂದು ಕೇಳಿದರೆ ಬಾಣ ಯಾರ ಕಡೆಗೆ ಎಂಬುದು ಮಸುಕಾಗುತ್ತದೆ.

ರೇಡಿಯೊಗೆ ಬಂದಾಗ ಕಥೆಗೆ ಸರ್ಕಾರದ ಪ್ರವೇಶ. ಆಗಿನ ಫ್ರಾನ್ಸಿನಲ್ಲಿ ಪ್ರಸಾರ ರಾಜ್ಯದ ಏಕಸ್ವಾಮ್ಯ; ಮೂರು ಟಿವಿ ವಾಹಿನಿಗಳೂ ಸರ್ಕಾರದವು. ಖಾಸಗಿ ರೇಡಿಯೊಗಳು ಒಂದು ಉಪಾಯ ಹೂಡಿದ್ದವು. ಮಾತಾಡುವ ಬಾಯಿ ಪ್ಯಾರಿಸ್ಸಿನಲ್ಲಿ, ಪ್ರಸಾರ ಮಾಡುವ ಗೋಪುರ ಗಡಿಯಾಚೆ. ಯುರೋಪ್ 1ರ ಗೋಪುರ ಜರ್ಮನಿಯ ಸಾರ್ ಪ್ರಾಂತದಲ್ಲಿ, ಆರ್‌ಟಿಎಲ್‌ನದು ಲಕ್ಸೆಂಬರ್ಗ್‌ನಲ್ಲಿ. ಆರ್‌ಎಂಸಿ ಮೊನಾಕೊದ ನಿಲಯ. ಕಾನೂನು ಬಗ್ಗಿತು, ಮುರಿಯಲಿಲ್ಲ. ಸರ್ಕಾರವೂ ಕಡಿಮೆಯೇನಲ್ಲ, ಸೊಫಿರಾದ್ ಎಂಬ ತನ್ನ ಕಂಪನಿಯ ಮೂಲಕ ಯುರೋಪ್ 1 ಮತ್ತು ಆರ್‌ಎಂಸಿಯ ಷೇರುಗಳನ್ನು ಕೊಂಡಿಟ್ಟುಕೊಂಡಿತ್ತು. ಹೀಗಾಗಿ ‘ಖಾಸಗಿ’ ರೇಡಿಯೊದಲ್ಲೂ ಮೇಲಿನಿಂದ ಬರುವ ಫೋನಿಗೆ ಬೆಲೆಯಿತ್ತು. ಯುರೋಪ್ 1ರಲ್ಲಿ 1978ರಿಂದ ಒಂದು ವರ್ಷ ಕೇಳುಗರನ್ನು ಸೆಳೆದಿದ್ದ ಕೊಲ್ಯೂಶ್ 1980ರಲ್ಲಿ ಆರ್‌ಎಂಸಿಗೆ ಸೇರಿ ಕೆಲವೇ ದಿನಗಳಲ್ಲಿ ಹೊರಬಿದ್ದ. ಚುನಾವಣೆಯ ಘೋಷಣೆ ಬಂದದ್ದು ಅದೇ ವರ್ಷ.

ಅವನ ಕರೆ ವಿಚಿತ್ರವಾಗಿತ್ತು. ಸೋಮಾರಿಗಳು, ಕೊಳಕರು, ಕುಡುಕರು, ಹೆಂಗಸರು, ಸಲಿಂಗಿಗಳು, ಕೈದಿಗಳು, ಕರಿಯರು, ಅರಬರು, ಪಾದಚಾರಿಗಳು, ಫ್ರೆಂಚರು, ಒಟ್ಟಿನಲ್ಲಿ ರಾಜಕಾರಣಿಗಳ ಲೆಕ್ಕಕ್ಕೆ ಬಾರದವರೆಲ್ಲ ತಮ್ಮ ಊರಿನ ಪುರಸಭೆಗೆ ಹೋಗಿ ಹೆಸರು ನೋಂದಾಯಿಸಿ ತನಗೆ ಮತ ಹಾಕಬೇಕಂತೆ. ಪಾದಚಾರಿಗಳ ಪಕ್ಕದಲ್ಲಿ ಫ್ರೆಂಚರನ್ನೂ ಒಂದು ಅಲ್ಪಸಂಖ್ಯಾತ ಗುಂಪಿನಂತೆ ಸೇರಿಸಿದ್ದರಲ್ಲಿ ಅವನ ಕೈಚಳಕ ಕಾಣುತ್ತದೆ. ಶಾರ್ಲಿ ಎಬ್ದೊ ಎಂಬ ವಿಡಂಬನ ಪತ್ರಿಕೆ ಬೆನ್ನಿಗೆ ನಿಂತಿತು. ಸಮಾಜಶಾಸ್ತ್ರಜ್ಞ ಪಿಯೇರ್ ಬೂರ್ದ್ಯೂ, ತತ್ತ್ವಜ್ಞಾನಿಗಳಾದ ಜಿಲ್ ದೆಲೂಜ್, ಫೆಲಿಕ್ಸ್ ಗ್ವಾತಾರಿ ಬೆಂಬಲಿಸಿದರು. ಶಾಲೆ ಬಿಟ್ಟವನಿಗೆ ಮಹಾಪಂಡಿತರ ಸಹಿ!

ಸಹಿ ಎಂದಾಗ ಇಲ್ಲಿ ಒಂದು ನಿಯಮ ಹೇಳಬೇಕು. ಭಾರತದಲ್ಲಿ ರಾಷ್ಟ್ರಪತಿಯನ್ನು ಸಂಸದರು, ಶಾಸಕರು ಆರಿಸುತ್ತಾರೆ. ಫ್ರಾನ್ಸಿನಲ್ಲಿ 1965ರಿಂದ ಜನರೇ ನೇರವಾಗಿ ಆರಿಸುತ್ತಾರೆ. ಆದರೆ ಕಣಕ್ಕಿಳಿಯಲು ಚುನಾಯಿತ ಪ್ರತಿನಿಧಿಗಳ ಸಹಿ ಬೇಕು. ಮೊದಲು 100 ಸಾಕಿತ್ತು. 1974ರಲ್ಲಿ 12 ಮಂದಿ ಸ್ಪರ್ಧಿಸಿದ ಮೇಲೆ, 1976ರಲ್ಲಿ ಅದನ್ನು 500ಕ್ಕೆ ಏರಿಸಿ, ಕನಿಷ್ಠ 30 ಜಿಲ್ಲೆಗಳಿಂದ ಬಂದಿರಬೇಕು ಎಂದು ಸೇರಿಸಿದರು. ಆಗ ದೇಶದಲ್ಲಿ ಸುಮಾರು 36,000 ಊರುಗಳಿಗೆ ಒಬ್ಬೊಬ್ಬ ಮೇಯರ್ ಇದ್ದುದರಿಂದ 500 ದೊಡ್ಡದೆನಿಸುತ್ತಿರಲಿಲ್ಲ. ಆದರೆ ಮುನ್ನೂರು ಮನೆಯ ಹಳ್ಳಿಯ ಮೇಯರ್ ಸಹಿ ಹಾಕಿದರೆ ಅವನ ಹೆಸರು ಬಹಿರಂಗವಾಗಬಹುದಿತ್ತು. ನಾಳೆ ಸೇತುವೆಗೋ ಶಾಲೆಗೋ ಹಣ ಕೇಳಲು ಅದೇ ದೊಡ್ಡ ಪಕ್ಷಗಳವರ ಮುಂದೆ ನಿಲ್ಲಬೇಕು. ಪಕ್ಷದ ಬಲವಿಲ್ಲದವನಿಗೆ ಇದು ಗೋಡೆ. ಹೊಸ ನಿಯಮದಡಿ ಮೊದಲ ಚುನಾವಣೆ 1981ರದು. ಬಲಪಂಥದ ತೀವ್ರವಾದಿ ಜಾಂ-ಮರಿ ಲ ಪೆನ್ ಕೂಡ ಆ ಸಲ ಗೋಡೆ ದಾಟಲಾಗದೆ ಹೊರಗುಳಿದರು.

ಇತ್ತ ಟಿವಿ, ರೇಡಿಯೊಗಳ ಬಾಗಿಲು ಮುಚ್ಚಿದವು. ಬೆದರಿಕೆ ಪತ್ರಗಳು ಬಂದವು. ನವೆಂಬರ್‌ನಲ್ಲಿ ಅವನ ರಂಗ ನಿರ್ವಾಹಕ ಕೊಲೆಯಾದ. ಅದು ಖಾಸಗಿ ಕಾರಣದ ಕೊಲೆಯೆಂದು ಆಮೇಲೆ ತಿಳಿಯಿತಾದರೂ ಆ ಹೊತ್ತಿಗೆ ಹೆದರಿಕೆ ಮನೆಯೊಳಗೆ ಬಂದಾಗಿತ್ತು. ಇನ್ನೊಂದು ಒತ್ತಡ ಎಡಪಂಥದವರದು: ಇವನು ಕೀಳುವ ಮತಗಳಲ್ಲಿ ಹೆಚ್ಚಿನವು ಮಿತ್ತರಾಂ ಅವರ ಬುಟ್ಟಿಯವು, ಮೊದಲ ಸುತ್ತಿನಲ್ಲೇ ಅವರು ಎಡವಿದರೆ ಜಿಸ್ಕಾರ್ ಮತ್ತೆ ಏಳು ವರ್ಷ ಕೂರುತ್ತಾರೆ. 1981ರ ಮಾರ್ಚ್‌ನಲ್ಲಿ ಕೊಲ್ಯೂಶ್ ಹಿಂದೆ ಸರಿದ. ಮೇ 10ರಂದು ಮಿತ್ತರಾಂ ಗೆದ್ದರು.

ಅವನು ಸೋತನೆಂದು ಬರೆಯುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಗೆಲ್ಲಲೆಂದು ಹೊರಟವನಲ್ಲ ಅವನು. ಕೂಗಿದ್ದು ಕುಂಬಳಕಾಯಿ ಎಂದಷ್ಟೇ. ಆದರೆ ಕೂಗಿದವನೂ ಬೆಚ್ಚುವಷ್ಟು ಕೈಗಳು ಹೆಗಲಿಗೆ ಹೋದವು.

ಸಿನಿಮಾದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ, ಒಂದರ ಹೊರತು. ಅವನ ಬಹಳಷ್ಟು ಚಿತ್ರಗಳು ಹಣ ಮಾಡಿ ಮರೆಯಾದ ಹಾಸ್ಯಗಳು. 1976ರಲ್ಲಿ ಕ್ಲೋದ್ ಜಿದಿ ನಿರ್ದೇಶನದಲ್ಲಿ, ಆಗಿನ ಹಾಸ್ಯಚಕ್ರವರ್ತಿ ಲೂಯಿ ದ ಫ್ಯೂನೆಸ್ ಜೊತೆ ಮಾಡಿದ ಚಿತ್ರಕ್ಕೆ 58 ಲಕ್ಷಕ್ಕೂ ಹೆಚ್ಚು ಟಿಕೆಟ್ ಹೋದವು. ಅದರಲ್ಲಿ ಫ್ಯೂನೆಸ್ ದುಬಾರಿ ಹೋಟೆಲುಗಳಿಗೆ ನಕ್ಷತ್ರ ಹಂಚುವ ಮಾರ್ಗದರ್ಶಿಯ ಒಡೆಯ. ಕೊಲ್ಯೂಶ್ ಆ ಗದ್ದುಗೆ ಬೇಡವೆಂದು ಕದ್ದು ಸರ್ಕಸ್ಸಿನಲ್ಲಿ ಕೋಡಂಗಿಯಾಗುವ ಮಗ. ಊಟದ ಹೋಟೆಲು ಮತ್ತು ಕೋಡಂಗಿ, ಈ ಜೋಡಿಯನ್ನು ನೆನಪಿಟ್ಟುಕೊಳ್ಳಿ.

ಆ ಒಂದು ಚಿತ್ರ ‘ಚಾವ್ ಪಾಂತ್ಯಾಂ’. 1983ರ ಡಿಸೆಂಬರ್‌ನಲ್ಲಿ ತೆರೆಕಂಡಿತು, ನಿರ್ದೇಶಕ ಕ್ಲೋದ್ ಬೆರಿ. ಹಿಂದಿನ ಎರಡು ವರ್ಷ ಕೊಲ್ಯೂಶ್‌ಗೆ ಕತ್ತಲೆಯವು. ಮದುವೆ ಮುರಿದಿತ್ತು, ಮಾದಕ ವಸ್ತು ಹಿಡಿದಿತ್ತು, 1982ರ ಜುಲೈನಲ್ಲಿ ಗೆಳೆಯ ದವೇರ್ ಆತ್ಮಹತ್ಯೆ ಮಾಡಿಕೊಂಡಿದ್ದ. ಚಿತ್ರದಲ್ಲಿ ಅವನ ಪಾತ್ರ ಲಾಂಬೆರ್, ಪ್ಯಾರಿಸ್ಸಿನ ಪೆಟ್ರೋಲ್ ಬಂಕಿನ ರಾತ್ರಿ ಪಾಳಿಯವನು. ಹಿಂದೆ ಪೊಲೀಸನಾಗಿದ್ದವನು, ಈಗ ಬಾಟಲಿಯ ಜೊತೆ ಬದುಕುವವನು. ಸಣ್ಣಪುಟ್ಟ ಮಾದಕ ವ್ಯಾಪಾರದ ಹುಡುಗನೊಬ್ಬನ ಜೊತೆ ಸ್ನೇಹ ಬೆಳೆಯುತ್ತದೆ; ಹುಡುಗನನ್ನು ಕೊಲ್ಲುತ್ತಾರೆ; ಲಾಂಬೆರ್ ಎದ್ದು ನಿಲ್ಲುತ್ತಾನೆ. ಮರುವರ್ಷ ಶ್ರೇಷ್ಠ ನಟನ ಸೆಸಾರ್ ಪ್ರಶಸ್ತಿ, ಅಂದರೆ ಫ್ರೆಂಚ್ ಚಿತ್ರರಂಗದ ಅತಿ ದೊಡ್ಡ ಮನ್ನಣೆ, ಕೊಲ್ಯೂಶ್‌ಗೆ ಬಂತು.

‘ನಗೆಗಾರ ಗಂಭೀರ ನಟನಾದ’ ಎಂದು ಆಗ ಎಲ್ಲರೂ ಬರೆದರು. ಆದರೆ ನೋಡಿದವರಿಗೆ ಗೊತ್ತಾಗುತ್ತದೆ, ಅವನು ಬೇರೆ ಯಾರೂ ಆಗಿಲ್ಲ. ಅದೇ ಮೆಕ್, ಅದೇ ಯಾರೋ ಒಬ್ಬ ಆಸಾಮಿ. ಮಾತಿನ ಕೊನೆಗೆ ನಗೆಯ ಚಟಾಕಿ ಮಾತ್ರ ಸಿಡಿಯುವುದಿಲ್ಲ. ಚಟಾಕಿಗಾಗಿ ಕಾಯುವ ನಮ್ಮ ಕಿವಿಗೆ ಆ ಮೌನ ಎರಡು ಪಟ್ಟು ಭಾರವಾಗಿ ಕೇಳುತ್ತದೆ.

ಇನ್ನು 1985ರ ಸೆಪ್ಟೆಂಬರ್‌ನ ಐದು ದಿನಗಳಿಗೆ ಬರೋಣ, ಇಡೀ ಕೊಲ್ಯೂಶ್ ಅವುಗಳಲ್ಲಿ ಸಿಗುತ್ತಾನೆ. 25ರಂದು, ಟಿವಿ ವಾರ್ತಾ ವಾಚಕನೊಬ್ಬನ ಆಡಂಬರದ ಮದುವೆಯನ್ನು ಗೇಲಿ ಮಾಡಲು, ಮಿಮಿಕ್ರಿ ಕಲಾವಿದ ತಿಯೆರಿ ಲ ಲ್ಯುರೋಂ ಜೊತೆ ಹುಸಿ ಮದುವೆ ಮಾಡಿಕೊಂಡ. ಬಿಳಿ ಗೌನು ತೊಟ್ಟ ಮದುಮಗಳು ಕೊಲ್ಯೂಶನೇ. 29ರಂದು ಇಟಲಿಯ ನಾರ್ದೊ ಪಥದಲ್ಲಿ 750 ಸಿಸಿ ಯಮಹಾ ಓಡಿಸಿ ಗಂಟೆಗೆ 252 ಕಿಲೋಮೀಟರಿನ ವಿಶ್ವದಾಖಲೆ ಮಾಡಿದ. ನಡುವೆ, 26ರಂದು, ಯುರೋಪ್ 1ರ ತನ್ನ ಕಾರ್ಯಕ್ರಮದಲ್ಲಿ ಮಾತಿಗೆ ಮಾತು ಸೇರಿಸುತ್ತ ‘ನನಗೊಂದು ಸಣ್ಣ ಯೋಚನೆ’ ಎಂದ. ಯಾರಾದರೂ ದುಡ್ಡು ಹಾಕುವವರಿದ್ದರೆ ಪ್ಯಾರಿಸ್ಸಿನಲ್ಲೊಂದು ಪುಕ್ಕಟೆ ಊಟದ ಮನೆ ಮಾಡೋಣ, ದಿನಕ್ಕೆ ಎರಡು ಮೂರು ಸಾವಿರ ಊಟ ಹಾಕೋಣ.

ಆ ಮಾತು ಬಿದ್ದ ನೆಲ ಹದವಾಗಿತ್ತು. ನಿರುದ್ಯೋಗಿಗಳು ಇಪ್ಪತ್ತು ಲಕ್ಷ ದಾಟಿದ್ದರು. ‘ಹೊಸ ಬಡವರು’ ಎಂಬ ಪದವೇ ಪತ್ರಿಕೆಗಳಲ್ಲಿ ಹುಟ್ಟಿಕೊಂಡಿತ್ತು. ಅದೇ ಹೊತ್ತಿಗೆ ಯುರೋಪಿನ ಶೀತಲ ಗೋದಾಮುಗಳಲ್ಲಿ ಬೆಣ್ಣೆ, ಮಾಂಸ, ಹಾಲಿನ ಪುಡಿ ಗುಡ್ಡ ಬಿದ್ದಿದ್ದವು. ಭಾರತದಲ್ಲಿ ಬೆಂಬಲ ಬೆಲೆ ಮತ್ತು ತುಂಬಿ ತುಳುಕುವ ಗೋದಾಮು ಕಂಡವರಿಗೆ ಇದು ಹೊಸದಲ್ಲ. ರೈತನಿಗೆ ಖಾತರಿ ಬೆಲೆ ಕೊಟ್ಟು ಕೊಳ್ಳುತ್ತಿದ್ದರು, ಮಾರಿದರೆ ಮಾರುಕಟ್ಟೆಯ ಬೆಲೆ ಬೀಳುತ್ತದೆಂದು ಇಟ್ಟುಕೊಳ್ಳುತ್ತಿದ್ದರು, ಇಟ್ಟುಕೊಳ್ಳಲು ಮತ್ತಷ್ಟು ಖರ್ಚು ಮಾಡುತ್ತಿದ್ದರು.

ಹೆಸರು ‘ರೆಸ್ತೊ ದ್ಯು ಕೆರ್’, ಹೃದಯದ ಹೋಟೆಲುಗಳು. ‘ಅನ್ನಛತ್ರ’ ಎಂಬರ್ಥದ ಹಳೆಯ ಪದಗಳನ್ನು ಬಿಟ್ಟು ‘ರೆಸ್ತೊ’ ಎಂಬ ಬೀದಿಮಾತನ್ನು ಆರಿಸಿಕೊಂಡದ್ದರಲ್ಲಿ ವಿವೇಕವಿದೆ. ಬಂದವನು ಭಿಕ್ಷುಕನಲ್ಲ, ಗಿರಾಕಿ. ಮೊದಲ ಕೇಂದ್ರ ಡಿಸೆಂಬರ್ 21ರಂದು ಪ್ಯಾರಿಸ್ಸಿನ ಹೊರವಲಯದ ಜೆನ್ವಿಲಿಯೆಯಲ್ಲಿ ತೆರೆಯಿತು. ಆ ಚಳಿಗಾಲ ಮುಗಿಯುವಷ್ಟರಲ್ಲಿ 5,000 ಸ್ವಯಂಸೇವಕರು 85 ಲಕ್ಷ ಊಟ ಹಂಚಿದ್ದರು. ಜಾಂ-ಜಾಕ್ ಗೋಲ್ದ್‌ಮಾನ್ ಹಾಡು ಕಟ್ಟಿಕೊಟ್ಟರು. 1986ರ ಜನವರಿ 26ರಂದು ಟಿಎಫ್1 ವಾಹಿನಿಯ ದೇಣಿಗೆ ಕಾರ್ಯಕ್ರಮದಲ್ಲಿ ಎಡದವರೂ ಬಲದವರೂ ಬಂದು ಕೂತರು. ಐದು ವರ್ಷದ ಹಿಂದೆ ಇದೇ ಮನುಷ್ಯನಿಗೆ ಟಿವಿಯ ಬಾಗಿಲು ಮುಚ್ಚಿತ್ತು. ಮುಂದೆ ಯುರೋಪಿನ ಸಂಸತ್ತಿಗೂ ಹೋಗಿ ಗೋದಾಮಿನ ಸರಕು ಕೇಳಿದ. ಕೂಡಿಡುವ ಖರ್ಚಿಗಿಂತ ಕೊಟ್ಟುಬಿಡುವ ಖರ್ಚು ಕಡಿಮೆ ಎಂಬುದು ಅವನ ವಾದ. ಸೋಪಿನ ಪುಡಿಯ ದಡ್ಡ ಕೇಳಿದಂಥದ್ದೇ ಪ್ರಶ್ನೆ. 1987ರ ಕೊನೆಗೆ ಯುರೋಪ್ ತನ್ನ ಹೆಚ್ಚುವರಿ ದಾಸ್ತಾನನ್ನು ಬಡವರಿಗೆ ಹಂಚುವ ಯೋಜನೆ ರೂಪಿಸಿತು.

ಅದನ್ನು ನೋಡಲು ಅವನಿರಲಿಲ್ಲ. 1986ರ ಜೂನ್ 19ರಂದು ದಕ್ಷಿಣ ಫ್ರಾನ್ಸಿನ ಓಪಿಯೊ ಎಂಬ ಹಳ್ಳಿಯ ರಸ್ತೆಯಲ್ಲಿ, ಮುಂದೆ ತಿರುಗಿದ ಲಾರಿಗೆ ಅವನ ಮೋಟರ್‌ಸೈಕಲ್ ಬಡಿಯಿತು. ದಾಖಲೆ ಮಾಡಿದವನು ಅಂದು ವೇಗವಾಗಿ ಹೋಗುತ್ತಿರಲಿಲ್ಲ. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಕೊಲೆಯೆಂಬ ಪುಕಾರು ಇಂದಿಗೂ ತಿರುಗುತ್ತದೆ, ತನಿಖೆ ಅಪಘಾತವೆಂದಿತು. ಪ್ಯಾರಿಸ್ಸಿಗೆ ಮರಳಿ ಹೊಸ ರಂಗಪ್ರದರ್ಶನ ಕೊಡಲು ತಯಾರಿ ನಡೆಸಿದ್ದ. ಮೋಂರೂಜ್‌ನ ಸ್ಮಶಾನದಲ್ಲಿ ಮಣ್ಣು ಮಾಡಿದರು.

ಊಟದ ಮನೆ ಮುಚ್ಚಲಿಲ್ಲ. ಒಂದೆರಡು ಚಳಿಗಾಲಕ್ಕೆಂದು ಶುರುವಾದದ್ದು 2022–23ರ ಸಾಲಿನಲ್ಲಿ 17.1 ಕೋಟಿ ಊಟ ಹಂಚಿತು. ಬೆಲೆಯೇರಿಕೆ, ಸರದಿ ಎರಡೂ ಬೆಳೆದು, 2023ರ ಸೆಪ್ಟೆಂಬರ್‌ನಲ್ಲಿ ಸಂಸ್ಥೆ ಕೈಚೆಲ್ಲುವ ಸ್ಥಿತಿಗೆ ಬಂದಾಗ ದೇಶದ ಅತಿ ಶ್ರೀಮಂತ ಬೆರ್ನಾರ್ ಅರ್ನೊ ಅವರ ಕುಟುಂಬ ಒಂದು ಕೋಟಿ ಯೂರೊ ಕೊಟ್ಟಿತು. ಕೊಲ್ಯೂಶ್ ಇದ್ದಿದ್ದರೆ ಹಣ ತೆಗೆದುಕೊಳ್ಳುತ್ತಿದ್ದ; ಕೊಟ್ಟವರ ಮೇಲೆ ಹದಿನೈದು ನಿಮಿಷದ ಪ್ರಸಂಗವನ್ನೂ ಕಟ್ಟುತ್ತಿದ್ದ.

ಅಧ್ಯಕ್ಷರ ಅರಮನೆಗೆ ಹೋಗದಿದ್ದರೂ ಅವನು ಸರ್ಕಾರದೊಳಗೆ ಒಂದು ಕಡೆ ಸೇರಿಕೊಂಡಿದ್ದಾನೆ, ತೆರಿಗೆ ಇಲಾಖೆಯಲ್ಲಿ. ಹಸಿದವರಿಗೆ ಊಟ ಹಾಕುವ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಗೆ ವಿಶೇಷ ತೆರಿಗೆ ವಿನಾಯಿತಿ ಬೇಕೆಂಬುದು ಅವನ ಬೇಡಿಕೆಯಾಗಿತ್ತು. 1988ರ ಅಕ್ಟೋಬರ್‌ನಲ್ಲಿ ಅದು ಜಾರಿಗೆ ಬಂತು. ಈಗ ನಿಗದಿತ ಮಿತಿಯೊಳಗೆ 100 ಯೂರೊ ಕೊಟ್ಟರೆ ತೆರಿಗೆಯಲ್ಲಿ 75 ಯೂರೊ ಕಡಿತವಾಗುತ್ತದೆ. ಬೇರೆ ದತ್ತಿಗಳಿಗಾದರೆ ಸಾಮಾನ್ಯವಾಗಿ 66. ಕಡತದಲ್ಲಿ ಅದಕ್ಕೆ ಉದ್ದನೆಯ ಹೆಸರೊಂದಿದೆ. ಆದರೆ ಪ್ರತಿ ವರ್ಷ ತೆರಿಗೆ ಪತ್ರ ತುಂಬುವ ಫ್ರೆಂಚರು ಅದನ್ನು ಕರೆಯುವುದು ‘ಕೊಲ್ಯೂಶ್ ಕಾಯ್ದೆ’ ಎಂದೇ.